ಅಧಿಕಾರ ಬಿಟ್ಟ ದಿನದ ಲೆಕ್ಕ

ಪಾವಗಡದಿಂದ ಹೊರಟು ಮಧುಗಿರಿ, ಕೊರಟಗೆರೆಗಳ ಮೂಲಕ ಬೆಂಗಳೂರಿಗೆ ಬರುವ ಬಸ್ಸು ಹೆದ್ದಾರಿಯನ್ನು ಸೇರುವ ಊರು ದಾಬಸ್‌ಪೇಟೆ. ಶಿರಾದಿಂದ ತುಮಕೂರಿನ ಮೇಲೆ ಬರುವವರೂ ಈ ಊರನ್ನು ಹಾದೇ ಹೋಗಬೇಕು. ಶಿವಗಂಗೆಯ ಬೆಟ್ಟಕ್ಕೆ ಹೋಗುವ ಭಕ್ತರು ಇಲ್ಲಿ ಇಳಿಯುತ್ತಾರೆ; ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಕೆಲಸ ಹುಡುಕಿ ಬರುವ ಯುವಕರೂ ಇಲ್ಲಿಯೇ ಇಳಿಯುತ್ತಾರೆ. ಸೋಂಪುರವೆಂಬ ಇನ್ನೊಂದು ಹೆಸರು ಈ ಭಾಗಕ್ಕೆ ಇದ್ದರೂ ನಿರ್ವಾಹಕರ ಕೂಗಿನಲ್ಲಿಯೂ ಜನರ ಮಾತಿನಲ್ಲಿಯೂ ನಿಂತಿರುವುದು ದಾಬಸ್‌ಪೇಟೆಯೇ. ಈ ಹೆಸರಿನೊಳಗೆ ಅಡಗಿರುವ ಮನುಷ್ಯ ಯಾರು ಎಂದು ಕೇಳುವವರು ಮಾತ್ರ ವಿರಳ.

ಅವರು ರಿಚರ್ಡ್ ಸ್ಟುವರ್ಟ್ ಡಾಬ್ಸ್. ಐರ್ಲೆಂಡ್ ದೇಶದವರು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದು, ಮುಂದೆ ಮೇಜರ್ ಜನರಲ್ ಪದವಿಯವರೆಗೆ ಏರಿದವರು. 1830ರ ದಶಕದಲ್ಲಿ ಮೈಸೂರು ಕಮಿಷನ್ನಿನ ಆಡಳಿತಕ್ಕೆ ಸೇರಿದ ಅವರು ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟರಾಗಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಕಾಲ ಈ ಸೀಮೆಯನ್ನು ಆಳಿದರು. ವಿಭಾಗದ ಹೆಸರು ಚಿತ್ರದುರ್ಗವೆಂದಿದ್ದರೂ ಅದರ ಕೇಂದ್ರಸ್ಥಳ ತುಮಕೂರು. ಕಂದಾಯ, ಪೊಲೀಸು, ನ್ಯಾಯ ಈ ಮೂರೂ ಒಬ್ಬನೇ ಅಧಿಕಾರಿಯ ಕೈಯಲ್ಲಿ ಕೂಡಿದ್ದ ಕಾಲ ಅದು. ಮಧುಗಿರಿಯ ರೈತನಿಗೂ ಪಾವಗಡದ ಕುರಿಗಾಹಿಗೂ ಸರ್ಕಾರವೆಂದರೆ ಕಣ್ಣಿಗೆ ಕಾಣುತ್ತಿದ್ದವನು ಅಮಲ್ದಾರ. ಆ ಅಮಲ್ದಾರನೂ ಅಂಜುತ್ತಿದ್ದವರು ತುಮಕೂರಿನ ಸಾಹೇಬರು.

ಇಂಥವರ ಬದುಕಿನ ಮುಂದೆ ನಿಂತಾಗ ನಮ್ಮಲ್ಲಿ ಎರಡು ಬಗೆಯ ಮಾತು ಸುಲಭವಾಗಿ ಹೊರಡುತ್ತದೆ. "ಪರಕೀಯರು ಮಾಡಿದ್ದೆಲ್ಲ ದೋಚಾಟ" ಎಂಬುದು ಒಂದು. "ಆ ಕಾಲದ ಶಿಸ್ತು ಈಗ ಎಲ್ಲಿದೆ, ಬ್ರಿಟಿಷರೇ ಇರಬೇಕಿತ್ತು" ಎಂಬುದು ಇನ್ನೊಂದು. ಮೊದಲನೆಯದನ್ನು ಭಾಷಣಗಳಲ್ಲಿ ಕೇಳುತ್ತೇವೆ. ಎರಡನೆಯದನ್ನು ತಾಲ್ಲೂಕು ಕಚೇರಿಗೆ ನಾಲ್ಕನೆಯ ಸಲ ಅಲೆದು ಬರಿಗೈಯಲ್ಲಿ ಮನೆಗೆ ಬಂದ ಹಿರಿಯರ ಬಾಯಲ್ಲಿ ಕೇಳುತ್ತೇವೆ. ಎರಡೂ ಮಾತುಗಳು ಒಂದು ಗಂಭೀರವಾದ ನೈತಿಕ ಪ್ರಶ್ನೆಯನ್ನು ಮುಟ್ಟದೆ ಪಕ್ಕಕ್ಕೆ ಸರಿದು ಹೋಗುತ್ತವೆ. ಆ ಪ್ರಶ್ನೆ ಹೀಗಿದೆ: ಒಬ್ಬ ಅಧಿಕಾರಿ ಪ್ರಾಮಾಣಿಕನಾಗಿ, ದಕ್ಷನಾಗಿ, ಜನರಿಗೆ ಹಿತವಾಗುವಂತೆ ಕೆಲಸ ಮಾಡಿದರೆ ಅಷ್ಟು ಸಾಕೆ? ಅಥವಾ ಅಧಿಕಾರಕ್ಕೆ ಒಳ್ಳೆಯತನದ ಹೊರತಾಗಿ ಇನ್ನೊಂದು ಋಣವೂ ಇದೆಯೆ?

ಉತ್ತರ ಹುಡುಕುವ ಮುನ್ನ ಆ ಕಾಲದ ಜನರ ಪಾಡನ್ನು ಅರಿಯಬೇಕು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಕಂಪನಿಯವರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದರು. ಅದರ ಜೊತೆಗೆ ವರ್ಷಕ್ಕೆ ಏಳು ಲಕ್ಷ ವರಹಗಳ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳ ಪೊಗದಿಯನ್ನು ರಾಜ್ಯದ ಮೇಲೆ ಹೊರಿಸಿದರು. ಮುಂದೆ ರಾಜ್ಯದಲ್ಲಿ "ಶರ್ತಿ" ಎಂಬ ಪದ್ಧತಿ ಬಂತು. ಇಷ್ಟು ಕಂದಾಯ ತಂದುಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಕರಾರು ಬರೆದುಕೊಡಬೇಕು. ಮಳೆ ಬರಲಿ ಬಾರದಿರಲಿ, ಅದನ್ನು ರೈತನಿಂದ ಹಿಂಡಿ ತೆಗೆಯಬೇಕು. 1830-31ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದರು. ಅದನ್ನೇ ಕಾರಣವಾಗಿಸಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು. ರಾಜರ ತಪ್ಪನ್ನು ಮಾತ್ರ ಎಣಿಸಿದವರು ಆ ಪೊಗದಿಯ ಭಾರವನ್ನು ಎಣಿಸಲಿಲ್ಲ. ಆಳುವ ಕೈ ಬದಲಾಯಿತು, ಪೊಗದಿ ನಿಲ್ಲಲಿಲ್ಲ.

ಆದರೂ ಸತ್ಯವನ್ನು ಸತ್ಯವೆಂದೇ ಹೇಳಬೇಕು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ! ಯಾವುದೋ ಕಾಲದಲ್ಲಿ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡದೆ ಹೋದರೆಂದು ಒಂದು ಹಳ್ಳಿಯವರು ತಲೆಮಾರುಗಳ ತನಕ ತೆರಿಗೆ ತೆರುತ್ತಿದ್ದರಂತೆ. ಇವೆಲ್ಲ ತೊಲಗಿದವು. ಸುಮಾರು 1600 ಮೈಲಿ ರಸ್ತೆಯೂ ಮುನ್ನೂರಕ್ಕೂ ಹೆಚ್ಚು ಸೇತುವೆಗಳೂ ನಿರ್ಮಾಣವಾದವು. ಕಚೇರಿಯ ಬರವಣಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮುಂದುವರಿಯಿತು. ಇವುಗಳನ್ನೆಲ್ಲ ಊರೂರಿನಲ್ಲಿ ಕಾರ್ಯರೂಪಕ್ಕೆ ತಂದವರು ಡಾಬ್ಸ್ ಅವರಂಥ ವಿಭಾಗಾಧಿಕಾರಿಗಳು. ಕೊರಟಗೆರೆಯ ಒಬ್ಬ ಬಡ ತಂದೆಗೆ ತನ್ನ ಮಗಳ ಮದುವೆಯ ದಿನ ತೆರಿಗೆಯವನು ಬಾಗಿಲಿಗೆ ಬರಲಿಲ್ಲವೆಂದರೆ ಅದು ಸಣ್ಣ ಉಪಕಾರವಲ್ಲ. ಒಂದು ಪೇಟೆಗೆ ಅವರ ಹೆಸರು ನಿಂತಿದ್ದರ ಹಿಂದೆ ಇಂಥ ಕೃತಜ್ಞತೆಯ ಅಂಶವೂ ಇದ್ದೀತು.

ಹಾಗಾದರೆ ಕೊರತೆ ಎಲ್ಲಿದೆ? ಇಲ್ಲಿ ಸಂತ ಥಾಮಸ್ ಅಕ್ವಿನಾಸರು ಮಾಡಿದ ಒಂದು ವಿವೇಚನೆ ನಮಗೆ ನೆರವಾಗುತ್ತದೆ. ಅಧಿಕಾರವನ್ನು ಎರಡು ಕಡೆಯಿಂದ ಪರೀಕ್ಷಿಸಬೇಕೆಂದು ಅವರು ತೋರಿಸಿಕೊಟ್ಟರು: ಅದನ್ನು ಪಡೆದ ರೀತಿ ನ್ಯಾಯವಾದುದೆ? ಅದನ್ನು ಬಳಸಿದ ರೀತಿ ನ್ಯಾಯವಾದುದೆ? ಅಡ್ಡದಾರಿಯಿಂದ ಪಡೆದ ಅಧಿಕಾರವನ್ನು ಒಬ್ಬನು ಚೆನ್ನಾಗಿ ಬಳಸಬಹುದು. ನ್ಯಾಯವಾಗಿ ದೊರೆತುದನ್ನು ಇನ್ನೊಬ್ಬನು ಕೆಟ್ಟದಾಗಿ ಬಳಸಬಹುದು. ಒಂದರ ಗುಣ ಇನ್ನೊಂದರ ದೋಷವನ್ನು ಅಳಿಸುವುದಿಲ್ಲ. ಮೈಸೂರಿನ ಕಮಿಷನ್ ಆಡಳಿತ ಬಳಕೆಯ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲಬಹುದು. ಪಡೆದ ರೀತಿಯ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ಕಸಿದುಕೊಂಡ ಕ್ರಮದ ಬಗ್ಗೆ ಸ್ವತಃ ಬೆಂಟಿಂಕರಿಗೇ ಅನಂತರ ಸಂದೇಹ ಹುಟ್ಟಿತು. ಮುಮ್ಮಡಿಯವರು ರಾಜ್ಯವನ್ನು ಮರಳಿ ಕೊಡಿರೆಂದು ಮತ್ತೆ ಮತ್ತೆ ಬರೆದುಕೊಂಡರು. ಅಧಿಕಾರ ಕೈಗೆ ಬಾರದೆಯೇ 1868ರಲ್ಲಿ ತೀರಿಕೊಂಡರು.

ಈ ಎರಡು ಪರೀಕ್ಷೆಗಳ ಜೊತೆಗೆ ಮೂರನೆಯದೊಂದು ಇರಬೇಕೆಂದು ನನಗೆ ತೋರುತ್ತದೆ: ಅಧಿಕಾರವನ್ನು ಬಿಟ್ಟ ರೀತಿ. ಅಂದರೆ, ಬಿಡುವಾಗ ಯಾರಿಗೆ ಲೆಕ್ಕ ಒಪ್ಪಿಸಿದ? ಈ ವಿಚಾರವನ್ನು ತಿಳಿಯಲು ನಾವು ತುಸು ಹೊತ್ತು ತುಮಕೂರನ್ನು ಬಿಟ್ಟು, ಇಂಗ್ಲಿಷರಿಗಿಂತ ಮೊದಲೇ ಸಮುದ್ರ ದಾಟಿ ಸಾಮ್ರಾಜ್ಯ ಕಟ್ಟಿದ ಸ್ಪೇನ್ ದೇಶದ ಕಡೆಗೆ ನೋಡಬೇಕು.

ಸಂತ ಫ್ರಾನ್ಸಿಸ್ ಕ್ಸೇವಿಯರರು ಹುಟ್ಟಿದ ಆ ನಾಡಿನವರು ಅಮೆರಿಕ ಖಂಡದಲ್ಲಿಯೂ ಫಿಲಿಪೈನ್ಸ್ ದ್ವೀಪಗಳಲ್ಲಿಯೂ ನಡೆಸಿದ ಕ್ರೌರ್ಯ ಲೋಕಕ್ಕೆ ಗೊತ್ತಿರುವುದೇ. ಅದನ್ನು ಮೊದಲು ಬಹಿರಂಗವಾಗಿ ಖಂಡಿಸಿದವರಲ್ಲಿ ಡೊಮಿನಿಕನ್ ಸಭೆಯ ಗುರುಗಳಿದ್ದರು. ಸಲಮಾಂಕಾ ವಿಶ್ವವಿದ್ಯಾಲಯದ ಫ್ರಾನ್ಸಿಸ್ಕೊ ದೆ ವಿತೋರಿಯ ಅವರು 1539ರ ಉಪನ್ಯಾಸಗಳಲ್ಲಿ, ಅಲ್ಲಿನ ಜನರು ಕ್ರೈಸ್ತರಲ್ಲದಿದ್ದರೂ ತಮ್ಮ ನೆಲದ ನಿಜವಾದ ಒಡೆಯರು ಎಂದು ವಾದಿಸಿದರು. ಅದೇ ಸ್ಪೇನಿನಲ್ಲಿ "ರೆಸಿದೆನ್ಸಿಯ" ಎಂಬ ಒಂದು ಕಟ್ಟಳೆಯೂ ಇತ್ತು. ವಸಾಹತಿನ ಅಧಿಕಾರಿಯ ಅವಧಿ ಮುಗಿದ ಕೂಡಲೇ ಅವನು ಹಡಗು ಹತ್ತಿ ಹೋಗುವಂತಿಲ್ಲ. ಆಳಿದ ಊರಿನಲ್ಲಿಯೇ ಅವನು ನಿಲ್ಲಬೇಕು. ಒಬ್ಬ ನ್ಯಾಯಾಧೀಶ ಬಂದು ಕೂರುತ್ತಾನೆ. ಇಂಥವರ ಮೇಲೆ ದೂರುಳ್ಳವರು ಬಂದು ಹೇಳಬಹುದೆಂದು ಊರಿನಲ್ಲಿ ಸಾರುತ್ತಾರೆ. ಸಾಮಾನ್ಯ ಅಧಿಕಾರಿಯಿಂದ ಹಿಡಿದು ರಾಜಪ್ರತಿನಿಧಿಯವರೆಗೆ ಎಲ್ಲರೂ ಈ ವಿಚಾರಣೆಗೆ ಒಳಪಡಬೇಕಾಗಿತ್ತು.

ಇದು ಹೇಗೆ ನಡೆಯಿತೆಂಬುದಕ್ಕೆ ಸೆಬಾಸ್ಟಿಯನ್ ಹುರ್ತಾದೊ ದೆ ಕೊರ್ಕುಯೆರ ಎಂಬವರ ಬದುಕನ್ನು ನೋಡಬಹುದು. ಅವರೂ ಸೈನಿಕರು, ಫ್ಲಾಂಡರ್ಸ್‌ನ ಯುದ್ಧಗಳಲ್ಲಿ ಸೇವೆ ಸಲ್ಲಿಸಿ, ಪನಾಮದಲ್ಲಿ ಆಡಳಿತ ನಡೆಸಿ, 1635ರಲ್ಲಿ ಫಿಲಿಪೈನ್ಸ್‌ನ ಗವರ್ನರ್ ಜನರಲ್ ಆಗಿ ಮನಿಲಾಕ್ಕೆ ಬಂದರು. ಮಿಂದನಾವೊ ದ್ವೀಪದ ಮೇಲೆ ದಂಡೆತ್ತಿ ಹೋಗಿ ಗೆದ್ದರು. ಮನಿಲಾದ ಮಹಾಧರ್ಮಾಧ್ಯಕ್ಷರೊಡನೆ ಕಲಹಕ್ಕಿಳಿದು 1636ರಲ್ಲಿ ಅವರನ್ನೇ ಗಡೀಪಾರು ಮಾಡಿದರು. 1639-40ರಲ್ಲಿ ಅಲ್ಲಿನ ಚೀನೀಯರು ದಂಗೆಯೆದ್ದಾಗ ಸಾವಿರಾರು ಮಂದಿ ಹತರಾದರು. 1644ರಲ್ಲಿ ಹೊಸ ಗವರ್ನರರು ಬಂದೊಡನೆ ಕೊರ್ಕುಯೆರ ಅವರ ವಿಚಾರಣೆ ಮೊದಲಾಯಿತು. ಅವರು ಸುಮಾರು ಐದು ವರ್ಷ ಸೆರೆಯಲ್ಲಿದ್ದರು. ಮುಂದೆ ಸ್ಪೇನಿನ ಅರಸರು ಅವರನ್ನು ಬಿಡಿಸಿ, ಕೆಲವು ವರ್ಷಗಳ ಅನಂತರ ಕೆನರಿ ದ್ವೀಪಗಳ ಗವರ್ನರ್ ಪದವಿಯನ್ನು ಕೊಟ್ಟರು.

ಈ ಕಥೆಯಿಂದ ಆ ಕಟ್ಟಳೆಯ ಸತ್ವವೂ ದೌರ್ಬಲ್ಯವೂ ಒಟ್ಟಿಗೆ ತಿಳಿಯುತ್ತವೆ. ನಿನ್ನೆಯವರೆಗೆ ಆಜ್ಞೆ ಮಾಡುತ್ತಿದ್ದವನು ಇಂದು ಉತ್ತರ ಹೇಳಬೇಕೆಂಬುದು ಅದರ ಸತ್ವ. ಬಂದವನ ಹಗೆ, ಹೋಗುವವನ ಲಂಚ ಎರಡೂ ಆ ವಿಚಾರಣೆಯೊಳಕ್ಕೆ ನುಸುಳಿಕೊಳ್ಳುತ್ತಿದ್ದುದು ಅದರ ದೌರ್ಬಲ್ಯ. ಎಲ್ಲಕ್ಕಿಂತ ಮಿಗಿಲಾಗಿ, ಸತ್ತ ಸಾವಿರಾರು ಚೀನೀಯರು ಸಾಕ್ಷಿ ಹೇಳಲು ಬರಲಾರರು. ಯಾರಿಗೆ ಅತಿ ಹೆಚ್ಚು ಅನ್ಯಾಯವಾಗಿದೆಯೋ ಅವರ ಧ್ವನಿಯೇ ಅತಿ ಕಡಿಮೆ ಕೇಳಿಸುವುದು ಎಲ್ಲ ಕಾಲದ ವಿಚಾರಣೆಗಳ ಕೊರತೆ. ಆದರೂ ಆಳಿದವನು ಆಳಿಸಿಕೊಂಡವರಿಗೆ ಲೆಕ್ಕ ಕೊಡಬೇಕೆಂಬ ತತ್ವವನ್ನು, ಎಷ್ಟೇ ಕುಂಟುತ್ತಿದ್ದರೂ, ಆ ಕಟ್ಟಳೆ ಒಪ್ಪಿಕೊಂಡಿತ್ತು.

ಈಗ ತುಮಕೂರಿಗೆ ಮರಳೋಣ. ಡಾಬ್ಸ್ ಅವರು ಲೆಕ್ಕ ಒಪ್ಪಿಸುತ್ತಿದ್ದುದು ಬೆಂಗಳೂರಿನ ಕಮಿಷನರಿಗೆ, ಕಮಿಷನರು ಕಲ್ಕತ್ತೆಗೆ, ಕಲ್ಕತ್ತೆಯವರು ಲಂಡನ್ನಿಗೆ. ಈ ಏಣಿಯ ಎಲ್ಲ ಮೆಟ್ಟಿಲುಗಳೂ ಮೇಲ್ಮುಖವಾದವು. ರೈತನು ಅರ್ಜಿ ಕೊಡಬಹುದಾಗಿತ್ತು, ಬೇಡಿಕೊಳ್ಳಬಹುದಾಗಿತ್ತು. ದಯಾಳುವಾದ ಸಾಹೇಬರು ಅದನ್ನು ಕೇಳಲೂಬಹುದಾಗಿತ್ತು. ಆದರೆ "ನೀವು ನಮ್ಮನ್ನು ಆಳಿದ್ದು ಹೇಗಿತ್ತು, ನಾವು ಹೇಳುತ್ತೇವೆ, ಕೇಳಿರಿ" ಎನ್ನುವ ಹಕ್ಕು ಅವನಿಗಿರಲಿಲ್ಲ. ಬೇಡುವುದಕ್ಕೂ ಲೆಕ್ಕ ಕೇಳುವುದಕ್ಕೂ ಇರುವ ಅಂತರ ದಾನಕ್ಕೂ ನ್ಯಾಯಕ್ಕೂ ಇರುವ ಅಂತರವೇ ಆಗಿದೆ.

ಈ ಸೀಮೆಯ ಜನರಿಗೆ ಅದು ಹೊಸ ಅನುಭವವೂ ಆಗಿರಲಿಲ್ಲ. ಶಿರಾ ಪಟ್ಟಣವನ್ನು ಬಿಜಾಪುರದವರು ಆಳಿದರು. ಅವರ ಕಾಲದ ಮಲಿಕ್ ರಿಹಾನರ ಗೋರಿ ಈಗಲೂ ಅಲ್ಲಿದೆ. 1687ರಿಂದ ಅದು ಮೊಗಲರ ಪ್ರಾಂತ್ಯದ ರಾಜಧಾನಿಯಾಗಿ ದೂರದ ಬಾದಶಹನ ಪರವಾಗಿ ಬಂದ ಫೌಜುದಾರರನ್ನು ಕಂಡಿತು. ಆಮೇಲೆ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಬಳಿಯ ಗಂಜಾಂ ಪೇಟೆಯನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದರು. ಮಧುಗಿರಿಯ ಕೋಟೆ ಕೆಳದಿಯ ರಾಣಿ ವೀರಮ್ಮಾಜಿಯವರಿಗೆ ಸೆರೆಮನೆಯಾಯಿತು. 1763ರಲ್ಲಿ ಹೈದರ್ ಅಲಿಯವರು ಅವರನ್ನು ಅಲ್ಲಿಟ್ಟರು, 1767ರಲ್ಲಿ ಮರಾಠರು ಬಿಡಿಸಿದರು, ಪುಣೆಗೆ ಹೋಗುವ ದಾರಿಯಲ್ಲಿ ರಾಣಿಯವರು ತೀರಿಕೊಂಡರು. ಸ್ವದೇಶಿಯರಾಗಲಿ ಪರದೇಶಿಯರಾಗಲಿ, ಕೋಟೆಯ ಮೇಲೆ ನಿಂತವರು ಕೆಳಗಿನ ಊರಿನವರನ್ನು ಕೇಳಿ ಏನನ್ನೂ ಮಾಡಿದವರಲ್ಲ. ಆದ್ದರಿಂದ ಇಲ್ಲಿರುವ ಪ್ರಶ್ನೆ ಕೇವಲ ಆಳುವವನ ದೇಶದ ಪ್ರಶ್ನೆಯಲ್ಲ. ನಮ್ಮವರೇ ಆದರೂ ಲೆಕ್ಕ ಕೊಡದ ಅಧಿಕಾರ ನಮಗೆ ಪರಕೀಯವೇ.

"ಆಳುವವನು ಒಳ್ಳೆಯವನಾಗಿದ್ದರೆ ಲೆಕ್ಕದ ಗೊಡವೆ ಏಕೆ?" ಎಂದು ಯಾರಾದರೂ ಕೇಳಬಹುದು. ಸಹಜವಾದ ಪ್ರಶ್ನೆ. ಇದಕ್ಕೆ ಇತಿಹಾಸವೇ ಒಂದು ಉತ್ತರವನ್ನು ಕೊಟ್ಟಿದೆ. ಕಬ್ಬನ್ ಅವರು 1861ರಲ್ಲಿ ಅಧಿಕಾರ ಬಿಟ್ಟು ಊರಿಗೆ ಹೊರಟು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಡಾಬ್ಸ್ ಅವರ ಆಡಳಿತವೂ ಮುಗಿಯಿತು. ರಸ್ತೆಗಳಿದ್ದವು, ಸೇತುವೆಗಳಿದ್ದವು, ಕಮಿಷನ್ನಿನ ಖಜಾನೆಯಲ್ಲಿ ಉಳಿತಾಯವೂ ಇತ್ತು. 1875ರಲ್ಲಿಯೂ 1876ರಲ್ಲಿಯೂ ಮಳೆ ಕೈಕೊಟ್ಟಿತು. 1876-78ರ ಮಹಾಕ್ಷಾಮದಲ್ಲಿ ಮೈಸೂರು ರಾಜ್ಯದ ಸುಮಾರು ಹತ್ತು ಲಕ್ಷ ಜನ, ಅಂದರೆ ಐವರಲ್ಲಿ ಒಬ್ಬರು, ಇಲ್ಲವಾದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿಯಿತು. ನಮ್ಮ ಬಯಲುಸೀಮೆ ಅದರ ಪೆಟ್ಟನ್ನು ತೀವ್ರವಾಗಿ ತಿಂದಿತು. ಮಳೆ ಬಾರದಿದ್ದುದಕ್ಕೆ ಯಾವ ಅಧಿಕಾರಿಯೂ ಹೊಣೆಯಲ್ಲ. ಆದರೆ ಎಷ್ಟು ಧಾನ್ಯ ತರಿಸಬೇಕು, ಯಾವಾಗ ಗಂಜಿಕೇಂದ್ರ ತೆರೆಯಬೇಕು, ಹಸಿದವನಿಗೆ ಎಷ್ಟು ಕೂಲಿ ಸಾಕು ಎಂಬುದನ್ನೆಲ್ಲ ತೀರ್ಮಾನಿಸಿದವರು ಆ ಹಸಿದವನಿಗೆ ಎಂದೂ ಉತ್ತರ ಹೇಳಬೇಕಾಗಿರಲಿಲ್ಲ.

ಡಾಬ್ಸ್ ಅವರ ಸ್ವಂತ ನಾಡಿನ ಕಥೆಯೂ ಬೇರೆಯಲ್ಲ. ಅವರು ಇಲ್ಲಿ ಆಡಳಿತ ನಡೆಸುತ್ತಿದ್ದಾಗಲೇ, 1845ರಿಂದ 1849ರವರೆಗೆ, ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಸತ್ತವರಲ್ಲಿ ಬಹುಪಾಲು ಬಡ ಕಥೋಲಿಕ ಗೇಣಿದಾರರು. ಅವರನ್ನು ಆಳುತ್ತಿದ್ದುದೂ ಲಂಡನ್ನೇ. ಒಂದೇ ರಾಜಧಾನಿಯ ಎರಡು ದೂರದ ನೆಲಗಳಲ್ಲಿ ಮೂವತ್ತು ವರ್ಷಗಳ ಅಂತರದಲ್ಲಿ ಸುಮಾರು ಒಂದೇ ಸಂಖ್ಯೆಯ ಜನ ಸತ್ತರು. ಒಬ್ಬೊಬ್ಬ ಅಧಿಕಾರಿಯ ಸದ್ಗುಣದಿಂದ ಮುಚ್ಚಲಾಗದ ಬಿರುಕು ಇದು. ಒಳ್ಳೆಯವನ ಒಳ್ಳೆಯತನ ಅವನೊಡನೆ ಬರುತ್ತದೆ, ಅವನೊಡನೆ ಹೋಗುತ್ತದೆ. ಜನರು ಲೆಕ್ಕ ಕೇಳುವ ಹಕ್ಕು ಮಾತ್ರ ಊರಿನಲ್ಲಿ ಉಳಿಯಬಲ್ಲದು.

ಆ ಹಕ್ಕಿನ ಮೊದಲ ಮೊಳಕೆ ಕಂಡುದು 1881ರಲ್ಲಿ. ಆ ವರ್ಷ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅಕ್ಟೋಬರ್ 7ರಂದು ಮೈಸೂರಿನಲ್ಲಿ 144 ಸದಸ್ಯರು ಸೇರಿದರು. ತಾಲ್ಲೂಕುಗಳಿಂದ ಬಂದ ಜಮೀನುದಾರ ರೈತರು ಅವರಲ್ಲಿದ್ದರು. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಬಡವನಿಗೂ ಹೆಂಗಸಿಗೂ ಅಲ್ಲಿ ಜಾಗವಿರಲಿಲ್ಲ. ಆದರೂ ದಿವಾನರು ಎದ್ದುನಿಂತು ವರ್ಷದ ಆಡಳಿತದ ವಿವರವನ್ನು ಜನರ ಮುಂದಿಟ್ಟರು. ಏಣಿಯ ಒಂದು ಮೆಟ್ಟಿಲಾದರೂ ಕೆಳಮುಖವಾಯಿತು.

ಅದರ ಮರುವರ್ಷ, 1882ರಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಡಾಬ್ಸ್ ಅವರ ಪುಸ್ತಕ ಪ್ರಕಟವಾಯಿತು: ಮೈಸೂರು, ದಕ್ಷಿಣ ಆಫ್ರಿಕ, ಬರ್ಮಾಗಳಲ್ಲಿ ಕಳೆದ ಬದುಕಿನ ನೆನಪುಗಳು. ನಿವೃತ್ತ ಅಧಿಕಾರಿಗಳು ನೆನಪುಗಳನ್ನು ಬರೆಯುವುದು ಒಳ್ಳೆಯದೇ. ಅವುಗಳಿಂದ ನಮಗೆ ಎಷ್ಟೋ ವಿಷಯ ತಿಳಿಯುತ್ತದೆ. ಆದರೆ ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಪ್ರಶ್ನೆ ಸ್ಪಷ್ಟವಾಗುತ್ತದೆ. ನೆನಪಿನ ಪುಸ್ತಕದಲ್ಲಿ ಬರೆಯುವವನೇ ವಾದಿ, ಅವನೇ ಸಾಕ್ಷಿ, ಅವನೇ ನ್ಯಾಯಾಧೀಶ. ಸಭೆಯಲ್ಲಿ ಹಾಗಲ್ಲ, ಎದುರಿಗೆ ಕುಳಿತವನು ಎದ್ದು "ಸ್ವಾಮಿ, ನಮ್ಮೂರಿನ ಕೆರೆಯ ಮಾತೇನು?" ಎಂದು ಕೇಳಬಹುದು. ತನ್ನ ಬಗ್ಗೆ ತಾನೇ ಬರೆದುಕೊಂಡದ್ದು ನೆನಪು. ಇತರರು ಕೇಳಿದಾಗ ಕೊಟ್ಟ ಉತ್ತರವೇ ಲೆಕ್ಕ.

ಪ್ರಿಯ ಓದುಗರೇ, ಇದು ಹಳೆಯ ಸಾಹೇಬರ ವಿಚಾರವಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇಂದಿನ ಪಾವಗಡಕ್ಕೆ ಹೋಗಿ ನೋಡಿರಿ. ತಿರುಮಣಿಯ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಪಾರ್ಕು ಇದೆ. ಅದರ ಉದ್ಘಾಟನೆಯಾದುದು 2018ರಲ್ಲಿ. ಬರದ ನೆಲದಲ್ಲಿ ಬಿಸಿಲನ್ನೇ ಬೆಳೆಯಾಗಿಸಿದ ಕೆಲಸ ಅದು. ರೈತರ ಭೂಮಿಯನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದ ಕೂಲಿಯವರ ಕೈಗೆ ಗುತ್ತಿಗೆಯ ಹಣ ಬರುವಂತಿರಲಿಲ್ಲ, ಏಕೆಂದರೆ ಪಹಣಿಯಲ್ಲಿ ಅವರ ಹೆಸರೇ ಇರಲಿಲ್ಲ. ಯೋಜನೆ ಒಳ್ಳೆಯದು, ಯೋಜಿಸಿದವರೂ ಒಳ್ಳೆಯವರಿರಬಹುದು. ಆದರೂ ಲೆಕ್ಕದ ಪುಸ್ತಕದಿಂದ ಹೊರಗುಳಿದವರಿಗೆ ಲೆಕ್ಕ ಒಪ್ಪಿಸುವವರು ಯಾರು? ಒಳ್ಳೆಯ ಕೆಲಸ ಮಾಡುವಾಗಲೂ ಕೇಳಬೇಕಾದ ಪ್ರಶ್ನೆ ಇದು; ಬಹುಶಃ ಆಗಲೇ ಹೆಚ್ಚಾಗಿ ಕೇಳಬೇಕಾದ ಪ್ರಶ್ನೆ.

ನಮ್ಮ ಗಣರಾಜ್ಯ ಕೇಳುವ ದಾರಿಗಳನ್ನು ತೆರೆದಿಟ್ಟಿದೆ. ಕರ್ನಾಟಕದಲ್ಲಿ ಲೋಕಾಯುಕ್ತ ಕಾಯಿದೆ 1984ರಲ್ಲಿ, ಮಾಹಿತಿ ಹಕ್ಕಿನ ಕಾಯಿದೆ ದೇಶಕ್ಕೆಲ್ಲ 2005ರಲ್ಲಿ, ಸಕಾಲ ಸೇವೆಗಳ ಕಾಯಿದೆ 2011ರಲ್ಲಿ ಬಂದವು. ಗ್ರಾಮಸಭೆಯಿದೆ. ಆದರೆ ಗ್ರಾಮಸಭೆಯ ದಿನ ನಮ್ಮಲ್ಲಿ ಎಷ್ಟು ಮಂದಿ ಹೋಗಿ ಕೂರುತ್ತೇವೆ? ಹೋದವರಲ್ಲಿ ಎಷ್ಟು ಮಂದಿ ಎದ್ದು ಕೇಳುತ್ತೇವೆ? "ನಮಗೇಕೆ ಊರ ಉಸಾಬರಿ" ಎಂದು ಮನೆಯಲ್ಲಿ ಉಳಿದವರೇ ಆಮೇಲೆ ಬ್ರಿಟಿಷರ ಶಿಸ್ತನ್ನು ಹೊಗಳುತ್ತಾರೆ. ಕೇಳುವವರಿಲ್ಲದ ಕಡೆ ಒಳ್ಳೆಯ ಅಧಿಕಾರಿಯೂ ಕ್ರಮೇಣ ಸಡಿಲನಾಗುತ್ತಾನೆ. ಅವನನ್ನು ಒಳ್ಳೆಯವನನ್ನಾಗಿ ಉಳಿಸುವುದರಲ್ಲಿ ನಮ್ಮ ಪಾಲೂ ಇದೆ.

ಧರ್ಮಕೇಂದ್ರಗಳೂ ಇದಕ್ಕೆ ಹೊರತಲ್ಲ. ಗುರುಗಳ ವರ್ಗಾವಣೆಯಾದಾಗ ಹಾರ ಹಾಕುತ್ತೇವೆ, ಶಾಲು ಹೊದಿಸುತ್ತೇವೆ, ಕಟ್ಟಿಸಿದ ಕಟ್ಟಡಗಳನ್ನು ಎಣಿಸಿ ಹೊಗಳುತ್ತೇವೆ. ಪ್ರೀತಿಯ ಈ ಸಂಪ್ರದಾಯ ಇರಲಿ. ಅದರ ಜೊತೆಗೆ ವರ್ಷವರ್ಷವೂ ಕಾಣಿಕೆಯ ಹಣದ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಿ, ಪಾಲನಾ ಪರಿಷತ್ತಿನಲ್ಲಿ ಬಡ ಬೀದಿಯ ಹೆಂಗಸೊಬ್ಬಳೂ ನಿರ್ಭಯವಾಗಿ ಪ್ರಶ್ನೆ ಕೇಳುವಂತಿದ್ದರೆ ಆ ಹಾರದ ಹೂವು ಇನ್ನಷ್ಟು ಕಂಪು ಬೀರೀತು. ಯಜಮಾನನು ತನ್ನ ಪಾರುಪತ್ಯಗಾರನನ್ನು ಕರೆದು ಲೆಕ್ಕ ಕೇಳಿದ ಸಾಮತಿಯನ್ನು ನಾವು ಪೀಠದಿಂದ ಬೋಧಿಸುತ್ತೇವೆ. ಬೋಧಿಸುವವರು ಮೊದಲು ಆ ಸಾಮತಿಯ ಕೇಳುಗರಾಗಬೇಕು.

ಇದಕ್ಕೆ ಶ್ರೀಗ್ರಂಥದಲ್ಲಿ ಒಂದು ಮಾದರಿ ಇದೆ. ಪ್ರವಾದಿ ಸಮುವೇಲನು ಮುದುಕನಾಗಿ, ಆಡಳಿತವನ್ನು ಹೊಸ ಅರಸನಿಗೆ ಬಿಟ್ಟುಕೊಡುವ ದಿನ ಜನರೆಲ್ಲರ ಮುಂದೆ ನಿಂತನು. ತಾನು ಯಾರ ಎತ್ತನ್ನಾಗಲಿ ಕತ್ತೆಯನ್ನಾಗಲಿ ತೆಗೆದುಕೊಂಡಿದ್ದರೆ, ಯಾರಿಗಾದರೂ ಮೋಸ ಮಾಡಿದ್ದರೆ, ಯಾರಿಂದಲಾದರೂ ಲಂಚ ಮುಟ್ಟಿದ್ದರೆ ಅದನ್ನು ದೇವರ ಮುಂದೆಯೂ ಅರಸನ ಮುಂದೆಯೂ ಹೇಳಿರಿ, ಮರಳಿ ಕೊಡುತ್ತೇನೆ ಎಂದನು. ಅವನ ಸ್ವಂತ ಮಕ್ಕಳು ಲಂಚಗಾರರೆಂದು ಆ ಜನರಿಗೆಲ್ಲ ತಿಳಿದಿತ್ತು. ಹಾಗಿದ್ದೂ ಆ ಸಭೆಯ ಎದುರು ನಿಲ್ಲಲು ಅವನು ಹಿಂಜರಿಯಲಿಲ್ಲ. ನೀನು ನಮಗೆ ಅನ್ಯಾಯ ಮಾಡಿಲ್ಲವೆಂದು ಜನರು ಸಾಕ್ಷಿ ನುಡಿದ ಮೇಲೆಯೇ ಅವನ ಪ್ರಾಮಾಣಿಕತೆ ಪೂರ್ಣವಾಯಿತು. ಅಲ್ಲಿಯವರೆಗೆ ಅದು ಅವನೊಬ್ಬನ ನಂಬಿಕೆಯಾಗಿತ್ತು. ಆ ದಿನದಿಂದ ಜನರ ತೀರ್ಪಾಯಿತು.

ಕೊನೆಗೆ ನಮ್ಮ ಮನೆಗಳ ಮಾತು. ಎಲ್ಲರಿಗೂ ಕಚೇರಿಯ ಕುರ್ಚಿ ಇರುವುದಿಲ್ಲ. ಆದರೆ ಎಲ್ಲರಿಗೂ ಯಾರದಾದರೊಬ್ಬರ ಮೇಲೆ ಅಧಿಕಾರವಿರುತ್ತದೆ. ಹೆಂಡತಿಯ ಒಡವೆಯನ್ನು ಅವಳನ್ನು ಕೇಳದೆ ಅಡವಿಟ್ಟು ಮಗನ ಓದಿಗೆ ಹಣ ಹೊಂದಿಸಿದ ತಂದೆ ಕೆಟ್ಟವನಲ್ಲ. ಮಗಳ ಸಂಬಂಧವನ್ನು ಅವಳ ಮುಖ ನೋಡದೆ ಗೊತ್ತುಮಾಡಿದ ತಾಯಿಯೂ ಕೆಟ್ಟವಳಲ್ಲ. ಇಬ್ಬರೂ ಒಳ್ಳೆಯದನ್ನೇ ಬಯಸಿದವರು. ಬಹುಶಃ ಒಳ್ಳೆಯದನ್ನೇ ಮಾಡಿದವರು. ಆದರೆ ಹೀಗೆ ಕೇಳದೆ ಮಾಡಿದ ಒಳ್ಳೆಯದರಲ್ಲಿ ಪಡೆದವರ ಪಾಲಿಗೆ ಒಂದು ನೋವು ಉಳಿದುಬಿಡುತ್ತದೆ. "ನಿನಗಾಗಿಯೇ ಮಾಡಿದ್ದು" ಎಂಬ ಮಾತು ಆ ನೋವನ್ನು ಹೇಳಲೂ ಬಿಡುವುದಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಮನೆಯ ಕಿರಿಯರನ್ನು ಒಂದು ಮಾತು ಕೇಳಬಹುದು: "ನಾನು ನಿಮಗೆ ಮಾಡಿದ್ದರಲ್ಲಿ ತಪ್ಪೇನಾದರೂ ಇದೆಯೇ, ಹೇಳಿ." ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕದೆ ಕುಳಿತುಕೊಳ್ಳಬೇಕು.